ಪಂಚೆ, ಬಲ್ಬು, ಆರ್ಫಿಯಸ್

ಆ ಕಿಟಕಿ ಸ್ವಲ್ಪ ಮುಚ್ಚುತ್ತೀರಾ? ಕತ್ತಲೆ ಜಾಸ್ತಿ ಇದ್ದಷ್ಟೂ ಒಳ್ಳೆಯದು. ನಾನು ತಂದಿರುವುದು ಒಂದು ಬಿಳಿ ಪಂಚೆ, ಒಂದು ಬಲ್ಬು, ರಟ್ಟಿನಲ್ಲಿ ಕತ್ತರಿಸಿದ ಎರಡು ಗೊಂಬೆ. ನಮ್ಮ ತೊಗಲುಗೊಂಬೆಯ ಹಾಗೆ ಬಣ್ಣದ ನೆರಳು ಬೀಳುವುದಿಲ್ಲ, ಸುಮ್ನೆ ಕಪ್ಪು.

ಕಥೆ ಕೆಲವರಿಗೆ ಗೊತ್ತಿರಬಹುದು. ಆರ್ಫಿಯಸ್ ಗ್ರೀಕರ ಹಾಡುಗಾರ. ಮದುವೆಯಾದ ಹೊಸತರಲ್ಲೇ ಹೆಂಡತಿ ಯೂರಿಡಿಸ್ ಹಾವು ಕಚ್ಚಿ ಸಾಯುತ್ತಾಳೆ. ಇವನು ಹಾಡುತ್ತಾ ಸತ್ತವರ ಲೋಕಕ್ಕೇ ಇಳಿದು ಅವಳನ್ನು ಕೇಳಿ ಪಡೆಯುತ್ತಾನೆ. ಷರತ್ತು ಒಂದೇ: ಮೇಲೆ ಬರುವವರೆಗೆ ಹಿಂತಿರುಗಿ ನೋಡಬಾರದು. ನೋಡುತ್ತಾನೆ, ಅವಳು ಮತ್ತೆ ಕೈತಪ್ಪಿ ಹೋಗುತ್ತಾಳೆ.

1607ರ ಫೆಬ್ರವರಿಯಲ್ಲಿ ಇಟಲಿಯ ಮಾಂಟುವಾ ಅರಮನೆಯಲ್ಲಿ ಸಂಗೀತ ಸಂಯೋಜಕ ಮಾಂಟೆವರ್ಡಿಯ ಆಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ, 'ಲಾರ್ಫೆಯೊ' ನಡೆಯಿತು; ಇದೇ ಆರ್ಫಿಯಸನ ಕಥೆ. ಬರೋಕ್ ಎಂಬ ಯುರೋಪಿನ ಸಂಗೀತ ಶೈಲಿ ಆಗಿನ್ನೂ ಕಣ್ಣು ಬಿಡುತ್ತಿದ್ದ ಕಾಲ. ಅದರಲ್ಲಿ ಸತ್ತವರನ್ನು ಹೊಳೆ ದಾಟಿಸುವ ಅಂಬಿಗ ಕೇರಾನನ ಮುಂದೆ ಆರ್ಫಿಯಸ್ ಒಂದು ಹಾಡು ಹಾಡುತ್ತಾನೆ. ಅದನ್ನು ಮಾಂಟೆವರ್ಡಿ ಎರಡು ಥರ ಅಚ್ಚು ಹಾಕಿಸಿದ್ದಾನೆ, ಒಂದು ಬರೀ ಸ್ವರ, ಇನ್ನೊಂದು ಕುಸುರಿ ಎಲ್ಲ ಬಿಡಿಸಿ ಬರೆದದ್ದು, ಜೊತೆಗೆ ಪಿಟೀಲು, ಹಾರ್ಪು. ಇಷ್ಟೆಲ್ಲ ಆದರೂ ಅಂಬಿಗ ಕರಗುವುದಿಲ್ಲ. ಚೆನ್ನಾಗಿದೆ ಅನ್ನುತ್ತಾನೆ, ದೋಣಿ ಮಾತ್ರ ಕೊಡುವುದಿಲ್ಲ. ಕೊನೆಗೆ ನಿದ್ದೆ ಹೋಗುತ್ತಾನೆ! ಕಛೇರಿ ಮಾಡುವವರಿಗೆ ಈ ನೋವು ಗೊತ್ತು, ಅಲ್ವಾ.

ನನಗೆ ಬೇಕಾದದ್ದು ನಾಲ್ಕನೇ ಅಂಕ. ಅಲ್ಲೊಂದು ಚಿಕ್ಕ ಸೂಚನೆ ಇದೆ: ಇಲ್ಲಿ ಪರದೆಯ ಹಿಂದೆ ಸದ್ದಾಗುತ್ತದೆ. ಆ ಸದ್ದಿಗೆ ಬೆದರಿ ಆರ್ಫಿಯಸ್ ತಿರುಗುತ್ತಾನೆ. ಪರದೆಯ ಹಿಂದೆ! ಗೊಂಬೆ ಆಡಿಸುವವರು ಕೂರುವ ಜಾಗ ಅದೇ.

ಗಾಯಕ ತಿರುಗುವುದಕ್ಕೆ ಅರೆಕ್ಷಣ ಸಾಕು. ಆದರೆ ಇದು ಚಪ್ಪಟೆ ಗೊಂಬೆ, ಒಂದೇ ಮಗ್ಗುಲು. ಮುಖ ತಿರುಗಿಸಬೇಕಾದರೆ ಇಡೀ ಗೊಂಬೆಯನ್ನೇ ಹೊರಳಿಸಬೇಕು. ನೋಡಿ, ನಿಧಾನವಾಗಿ ಹೊರಳಿಸುತ್ತೇನೆ. ಮೂಗು ಹೋಯಿತು, ಎದೆ ಹೋಯಿತು, ಒಂದು ಗೆರೆ ಉಳಿಯಿತು. ಮೊದಲು ಮಾಯವಾಗಿದ್ದು ಅವಳಲ್ಲ, ಅವನು. ಮನೆಯಲ್ಲಿ ಆಡಿಸಿ ನೋಡುವವರೆಗೆ ನನಗೂ ಇದು ಹೊಳೆದಿರಲಿಲ್ಲ.

ಈಗ ಅವಳನ್ನು ಪಂಚೆಯಿಂದ ಬಲ್ಬಿನ ಕಡೆಗೆ ಎಳೆಯುತ್ತೇನೆ. ದೂರ ಹೋದಷ್ಟೂ ನೆರಳು ದೊಡ್ಡದಾಗುತ್ತಿದೆ, ಅಂಚು ಮಸುಕಾಗುತ್ತಿದೆ. ಕಳೆದುಕೊಂಡವರು ಹೀಗೇ ಬೆಳೆಯುತ್ತಾರೆ ಅಂತ ನನಗನ್ನಿಸುತ್ತದೆ. ಪ್ಲೇಟೊನ ಒಂದು ಸಂವಾದದಲ್ಲಂತೂ ಫೀಡ್ರಸ್ ಎಂಬುವನು, ದೇವತೆಗಳು ಆರ್ಫಿಯಸನಿಗೆ ತೋರಿಸಿದ್ದೇ ಹೆಂಡತಿಯ ಬರೀ ಛಾಯೆಯನ್ನು ಅನ್ನುತ್ತಾನೆ, ಸಾಯಲು ಧೈರ್ಯವಿಲ್ಲದ ಹಾಡುಗಾರನಿಗೆ ಅಷ್ಟೇ ಸಾಕಂತೆ. ಕಟು ಮಾತು. ಆದರೆ ಪಂಚೆಯ ಮೇಲೆ ಅವನೂ ಛಾಯೆಯೇ.

ಮುಕ್ತಾಯ ಎರಡಿವೆ. 1607ರ ಹಾಡಿನ ಪುಸ್ತಕದಲ್ಲಿ ರೊಚ್ಚಿಗೆದ್ದ ಹೆಂಗಸರು ಬರುತ್ತಾರೆ, 1609ರಲ್ಲಿ ಅಚ್ಚಾದ ಸ್ವರಪುಸ್ತಕದಲ್ಲಿ ಗ್ರೀಕರ ದೇವರು ಅಪೊಲೊ ಇಳಿದು ಬಂದು ಅವನನ್ನು ಆಕಾಶಕ್ಕೆ ಕರೆದೊಯ್ಯುತ್ತಾನೆ. ನನ್ನ ಹತ್ತಿರ ಮೂರನೇ ಗೊಂಬೆಯೇ ಇಲ್ಲ, ಹಾಗಾಗಿ ಆ ಗೆರೆಗೇ ನಿಲ್ಲಿಸುತ್ತೇನೆ.

ಈಗ ನಾಲ್ಕನೇ ಅಂಕ ಹಾಕುತ್ತೇನೆ. ಸದ್ದಿನ ಜಾಗದಲ್ಲಿ ಪಂಚೆಯ ಹಿಂದೆ ಒಬ್ಬರು ಈ ಸ್ಟೀಲ್ ತಟ್ಟೆ ಬಡಿಯಬೇಕು, ನನ್ನ ಎರಡು ಕೈಯೂ ಖಾಲಿ ಇರುವುದಿಲ್ಲ. ಯಾರು ಬರುತ್ತೀರಿ?