ಪ್ರಾಣಿಯನ್ನು ಬಿಡಿ, ಓಡುವವರನ್ನು ನೋಡಿ

ಕೇಳುಗರಿಗೆ ನಮಸ್ಕಾರ.

ಗಾಡ್ಜಿಲ್ಲಾ ಎಂದ ಕೂಡಲೇ ನಿಮ್ಮಲ್ಲಿ ಅರ್ಧ ಜನ ಸೌಂಡ್ ಕಮ್ಮಿ ಮಾಡಲು ಕೈ ಹಾಕಿರಬಹುದು. 'ಅಯ್ಯೋ, ಅದಾ? ದೊಡ್ಡ ಹಲ್ಲಿ ಥರದ್ದು ಬಂದು ಕಟ್ಟಡ ಬೀಳಿಸುತ್ತಲ್ಲ, ಅದೇ ತಾನೇ?' ಹೌದು, ಅದೇ. ಆದರೂ ಒಂದು ಹತ್ತು ನಿಮಿಷ ಕೈ ತೆಗೆದಿಟ್ಟು ಕೇಳಿ.

ನಾನು ಇವತ್ತು ಹೇಳಲು ಬಂದಿರುವುದು ಒಂದೇ ಮಾತು. ಈಗಲೇ ಹೇಳಿಬಿಡುತ್ತೇನೆ. ಮಧ್ಯದಲ್ಲಿ ಕುಕ್ಕರ್ ಕೂಗಿ ನೀವು ಎದ್ದು ಹೋದರೂ ನಷ್ಟವಾಗಬಾರದು. ಆ ಸಿನಿಮಾ ನೋಡುವಾಗ ಪ್ರಾಣಿಯನ್ನು ನೋಡಬೇಡಿ. ಓಡುತ್ತಿರುವ ಜನರನ್ನು ನೋಡಿ. ಅಷ್ಟೇ.

ಯಾವ ಗಾಡ್ಜಿಲ್ಲಾ ಎಂದು ಮೊದಲು ತಿಳಿಸಬೇಕು. ಈ ಹೆಸರಿನಲ್ಲಿ ಮೂವತ್ತಕ್ಕೂ ಜಾಸ್ತಿ ಚಿತ್ರಗಳು ಬಂದಿವೆ. ಅವುಗಳಲ್ಲಿ ಪ್ರಾಣಿಗಳು ಕುಸ್ತಿ ಆಡುತ್ತವೆ, ಅದು ಬೇರೆ ವಿಷಯ. ನಾನು ಹೇಳುತ್ತಿರುವುದು ಎಲ್ಲಕ್ಕಿಂತ ಮೊದಲಿನದು. ಜಪಾನಿನ ಟೋಹೊ ಕಂಪನಿ ತೆಗೆದದ್ದು, ಕಪ್ಪು ಬಿಳುಪು, 1954ರ ನವೆಂಬರ್ 3ರಂದು ಬಿಡುಗಡೆಯಾದದ್ದು. ನಿರ್ದೇಶಕರು ಇಶಿರೋ ಹೊಂಡ. ಜಪಾನೀ ಭಾಷೆಯಲ್ಲಿ ಅದರ ಹೆಸರು 'ಗೊಜಿರ'. ಗೊರಿಲ್ಲಾದ 'ಗೊ', ತಿಮಿಂಗಿಲಕ್ಕೆ ಅವರು ಹೇಳುವ 'ಕುಜಿರ', ಎರಡನ್ನೂ ಸೇರಿಸಿ ಮಾಡಿದ ಹೆಸರು. ಚೆನ್ನಾಗಿದೆ, ಅಲ್ವಾ?

ನಾನು ಮೂವತ್ತು ವರ್ಷದಿಂದ ಊರೂರಲ್ಲಿ ಸಿನಿಮಾ ತೋರಿಸಿ, ಆಮೇಲೆ ಜನರನ್ನು ಕೂರಿಸಿಕೊಂಡು ಮಾತಾಡಿಸುವವನು. ಈ ಚಿತ್ರವನ್ನು ತೋರಿಸಿದಾಗಲೆಲ್ಲ ಬರುವ ಅಭಿಪ್ರಾಯಗಳು ನನಗೆ ಬಾಯಿಪಾಠ. ಮೊದಲನೆಯದು, 'ಸಾರ್, ಅದು ರಬ್ಬರ್ ವೇಷ ಅಂತ ಗೊತ್ತಾಗುತ್ತೆ.' ಎರಡನೆಯದು, 'ಸಾರ್, ಸ್ವಲ್ಪ ನಿಧಾನ.' ಮೂರನೆಯದು, 'ಇದರಲ್ಲಿ ಇಷ್ಟೊಂದು ಅಳು ಯಾಕೆ?' ಮೊದಲನೆಯದನ್ನು ಕೇಳಿದರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ರಬ್ಬರ್ ವೇಷ ಎಂದು ಗೊತ್ತಾಗುತ್ತೆ, ಒಪ್ಪಿದೆ. ಯಕ್ಷಗಾನದಲ್ಲಿ ರಾವಣನ ಕಿರೀಟ ಮರದ್ದು ಎಂದೂ ಗೊತ್ತಾಗುತ್ತೆ. ಎದ್ದು ಬರುತ್ತೀರಾ?

ಮೂರನೆಯ ಪ್ರಶ್ನೆಯೇ ಸರಿಯಾದ ಪ್ರಶ್ನೆ. ಇಷ್ಟೊಂದು ಅಳು ಯಾಕೆ?

1954ರ ಮಾರ್ಚ್ 1ರಂದು ಅಮೆರಿಕ ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಪರೀಕ್ಷೆ ಮಾಡಿತು. ಅವರು ಅಂದುಕೊಂಡದ್ದಕ್ಕಿಂತ ಬಹಳ ದೊಡ್ಡದಾಗಿ ಸಿಡಿಯಿತು. ಆ ಹೊತ್ತಿಗೆ ದೂರದಲ್ಲಿ ಜಪಾನಿನ ಒಂದು ಮೀನಿನ ದೋಣಿ ಟ್ಯೂನಾ ಹಿಡಿಯುತ್ತಿತ್ತು. ದೋಣಿಯ ಹೆಸರು 'ದಾಯ್‌ಗೊ ಫುಕುರ್ಯೂ ಮಾರು'. ಅದೃಷ್ಟದ ಡ್ರ್ಯಾಗನ್ ಎಂಬ ಅರ್ಥ, ನೋಡಿ. ಅದರಲ್ಲಿ 23 ಜನ. ಅವರ ಮೇಲೆ ಬಿಳಿ ಬೂದಿ ಮಳೆಯ ಹಾಗೆ ಉದುರಿತು. ಊರಿಗೆ ಬರುವಷ್ಟರಲ್ಲಿ ಎಲ್ಲರಿಗೂ ಕಾಯಿಲೆ. ತಂದ ಮೀನಿನಲ್ಲೂ ವಿಕಿರಣ. ಜಪಾನಿನಲ್ಲಿ ಜನ ಮೀನು ಕೊಳ್ಳಲು ಹೆದರಿದರು. ಮೀನಿಲ್ಲದೆ ಜಪಾನಿನ ಅಡುಗೆಮನೆ ಹೇಗಿರುತ್ತದೆ, ನೀವೇ ಯೋಚಿಸಿ.

ಆ ದೋಣಿಯ ರೇಡಿಯೊ ಆಪರೇಟರ್ ಆಯ್ಕಿಚಿ ಕುಬೊಯಾಮ ಸೆಪ್ಟೆಂಬರ್ 23ರಂದು ತೀರಿಕೊಂಡರು. ಚಿತ್ರ ಬಂದದ್ದು ನವೆಂಬರ್ 3ಕ್ಕೆ. ಮಧ್ಯೆ ಆರು ವಾರವೂ ಇಲ್ಲ.

ಬಾಂಬ್ ಪರೀಕ್ಷೆಯಿಂದ ನೆಲೆ ಕಳಕೊಂಡ ಪ್ರಾಣಿ ಸಮುದ್ರದಿಂದ ಎದ್ದು ಬಂದು ಟೋಕಿಯೋವನ್ನು ಸುಡುವ ಕತೆ ಅದು. ಈಗ ಚಿತ್ರದ ಮೊದಲ ದೃಶ್ಯ ಕೇಳಿ. ಒಂದು ಹಡಗು. ಕೆಲಸ ಮುಗಿಸಿದ ಹುಡುಗರು ಡೆಕ್ ಮೇಲೆ ಕೂತು ಹಾರ್ಮೋನಿಕಾ ನುಡಿಸುತ್ತಿದ್ದಾರೆ. ಇದ್ದಕ್ಕಿದ್ದ ಹಾಗೆ ಸಮುದ್ರದಿಂದ ಕಣ್ಣು ಕೋರೈಸುವ ಬೆಳಕು. ಹಡಗಿಗೆ ಬೆಂಕಿ. ಒಳಗೆ ರೇಡಿಯೊ ಆಪರೇಟರ್ ಸಂದೇಶ ಕಳಿಸುತ್ತಲೇ ಇರುತ್ತಾನೆ, ನೀರು ನುಗ್ಗುವ ತನಕ. ಗೊಜಿರನ ಸುಳಿವೂ ಇಲ್ಲ ಇನ್ನೂ. ಟೋಕಿಯೋದ ಚಿತ್ರಮಂದಿರದಲ್ಲಿ ಟಿಕೆಟ್ ಕೊಟ್ಟು ಕೂತವರಿಗೆ ಆ ರೇಡಿಯೊ ಆಪರೇಟರ್ ಯಾರು ಎಂದು ಹೇಳಿಕೊಡಬೇಕಿತ್ತಾ?

ಮೂವತ್ತು ವರ್ಷ ದಾಟಿದವರಿಗೆ ಇನ್ನೊಂದು ನೆನಪೂ ಇತ್ತು. 1945ರ ಮಾರ್ಚ್ 9 ಮತ್ತು 10ರ ನಡುವಿನ ರಾತ್ರಿ ವಿಮಾನಗಳು ಬಂದು ಬೆಂಕಿ ಬಾಂಬ್ ಹಾಕಿದಾಗ ಟೋಕಿಯೋ ನಿಜವಾಗಿಯೂ ಹೀಗೇ ಉರಿದಿತ್ತು. ಒಂದೇ ರಾತ್ರಿ ಸುಮಾರು ಒಂದು ಲಕ್ಷ ಜನ ಹೋದರು. ಒಂಬತ್ತು ವರ್ಷದ ಮೇಲೆ ತೆರೆಯ ಮೇಲೆ ಮತ್ತೆ ಅದೇ ಊರು ಉರಿಯುತ್ತಿದೆ. ನಿರ್ದೇಶಕ ಹೊಂಡ ಅವರು ಸೈನ್ಯದಲ್ಲಿದ್ದು ಚೀನಾದಿಂದ ಮನೆಗೆ ವಾಪಸ್ ಬರುವಾಗ ಹಿರೋಶಿಮಾ ಹಾದು ಬಂದವರು. ಕಣ್ಣಾರೆ ಕಂಡವರು. ಅಂಥವರಿಗೆ ಪ್ರಾಣಿ ಒಂದು ನೆಪ. ಅದಕ್ಕೇ ಹೇಳುವುದು, ಓಡುವವರನ್ನು ನೋಡಿ.

ಈ ಮಾತು ನನ್ನ ಸ್ವಂತದ್ದಲ್ಲ. ನನಗೆ ಇದನ್ನು ಕಲಿಸಿದವರು ಒಬ್ಬ ಲೈನ್‌ಮ್ಯಾನ್. ಆ ಕತೆ ಹೇಳಲೇಬೇಕು.

ಹತ್ತು ಹನ್ನೆರಡು ವರ್ಷದ ಹಿಂದೆ ಒಂದು ಸಣ್ಣ ಊರಿನಲ್ಲಿ ಈ ಚಿತ್ರ ತೋರಿಸಿದೆವು. ಅಕ್ಕಿ ಗಿರಣಿಯ ಮಹಡಿ, ಗೋಡೆಗೆ ಕಟ್ಟಿದ ಬಿಳಿ ಪಂಚೆ, ನಲವತ್ತು ಜನ. ನಾನು ಪಕ್ಕದಲ್ಲಿ ನಿಂತು ಮಾತುಗಳನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ಮುಂದಿನ ಸಾಲಿನ ಹುಡುಗರು ನಗುತ್ತಲೇ ಇದ್ದರು. ಹಿಂದೆ ಕಿಟಕಿ ಹತ್ತಿರ ಒಬ್ಬರು ಹಿರಿಯರು ಮುಂದಕ್ಕೆ ಬಾಗಿ ಕೂತಿದ್ದರು. ಮೊಣಕಾಲಿನ ಮೇಲೆ ಎರಡೂ ಕೈ. ಕಣ್ಣು ಮಿಟುಕಿಸುತ್ತಿರಲಿಲ್ಲ.

ಚಿತ್ರದಲ್ಲಿ ಒಂದು ಕಡೆ, ಗೊಜಿರ ಊರೊಳಗೆ ಬರದ ಹಾಗೆ ಟೋಕಿಯೋದ ಅಂಚಿಗೆ ದೊಡ್ಡ ದೊಡ್ಡ ವಿದ್ಯುತ್ ಟವರ್‌ಗಳ ಬೇಲಿ ಹಾಕುತ್ತಾರೆ. ಅದು ಬಂದು ತಂತಿ ಹರಿದು, ಬಾಯಿಂದ ಬಿಸಿ ಉಸಿರು ಬಿಟ್ಟಾಗ ಟವರ್‌ಗಳು ಬೆಣ್ಣೆ ಥರ ಕರಗಿ ಬಾಗುತ್ತವೆ. ಪ್ರದರ್ಶನ ಮುಗಿದ ಮೇಲೆ ನಾನು ಕೇಳಿದೆ, 'ಯಾರಿಗೆ ಏನನ್ನಿಸಿತು?' ಹುಡುಗರು 'ರಬ್ಬರ್, ರಬ್ಬರ್' ಎಂದರು. ಆ ಹಿರಿಯರು ಎದ್ದು ನಿಂತರು.

'ಮೇಷ್ಟ್ರೇ, ಎಲ್ಲಾ ಸರಿ. ಟವರ್ ಮಾತ್ರ ಸುಳ್ಳು. ಟವರ್ ಹಂಗೆ ತಲೆಯಿಂದ ಕರಗಲ್ಲ. ಬಿದ್ದರೆ ಸೊಂಟದಲ್ಲಿ ಮುರೀತದೆ.'

ನನಗೆ ಖುಷಿಯೋ ಖುಷಿ. ಅವರು ಕರೆಂಟ್ ಕೆಲಸದಲ್ಲಿದ್ದು ರಿಟೈರ್ ಆದವರಂತೆ. ನಾನು ಹೇಳಿದೆ, 'ನೀವು ಹೇಳೋದು ನಿಜ. ಆ ಟವರ್‌ಗಳನ್ನು ಮೇಣದಲ್ಲಿ ಮಾಡಿದ್ದರು. ಸ್ಟುಡಿಯೋದ ದೊಡ್ಡ ದೀಪಗಳ ಕಾವಿಗೆ ಕರಗಿಸಿ ಶೂಟಿಂಗ್ ಮಾಡಿದರು.' ಅದರ ಹಿಂದಿದ್ದವರು ಎಯ್ಜಿ ತ್ಸುಬುರಾಯ, ಇಡೀ ಊರನ್ನೇ ಆಟಿಕೆಯ ಅಳತೆಗೆ ಕಟ್ಟಿ ಒಡೆದು ತೋರಿಸಿದ ಮಾಂತ್ರಿಕ. ಬೊಂಬೆಯನ್ನು ಒಂದೊಂದು ಕೂದಲೆಳೆ ಜರುಗಿಸುತ್ತ ಫೋಟೋ ತೆಗೆಯುವ ಆಸೆ ಅವರಿಗಿತ್ತು. ಅಷ್ಟು ಸಮಯ ಇರಲಿಲ್ಲ. ಹಾಗಾಗಿ ವೇಷದೊಳಗೆ ಹರುವೊ ನಕಾಜಿಮ ಎಂಬ ನಟನನ್ನು ನಿಲ್ಲಿಸಿದರು. ವೇಷದ ತೂಕ ಹತ್ತಿರ ಹತ್ತಿರ 100 ಕಿಲೋ. ಮೇಲಿಂದ ದೀಪದ ಶಾಖ. ಬಿಚ್ಚಿದಾಗ ಒಳಗಿಂದ ಬೆವರು ಸುರಿಯುತ್ತಿತ್ತು. ಆತ ನಡಿಗೆ ಕಲಿಯಲು ಮೃಗಾಲಯಕ್ಕೆ ಹೋಗಿ ಆನೆ, ಕರಡಿ ಹೆಜ್ಜೆ ಹೇಗಿಡುತ್ತವೆ ಎಂದು ನೋಡಿಕೊಂಡು ಬಂದವನು. ಇದನ್ನೆಲ್ಲ ಹೇಳಿದೆ. ಮುಂದಿನ ಸಾಲಿನ ನಗು ಸ್ವಲ್ಪ ಕಮ್ಮಿಯಾಯಿತು.

ಲೈನ್‌ಮ್ಯಾನ್ ಇನ್ನೂ ನಿಂತೇ ಇದ್ದರು. 'ಅದಿರಲಿ ಮೇಷ್ಟ್ರೇ,' ಎಂದರು. 'ಲೈನ್ ಚಾರ್ಜ್ ಮಾಡೋಕೆ ಮುಂಚೆ ಸುತ್ತಲಿನ ಜನಾನ ಖಾಲಿ ಮಾಡಿಸಿದ್ರು ನೋಡಿ, ಅದು ಸರಿಯಾಗಿ ಮಾಡಿದಾರೆ. ಆದ್ರೆ ಆ ಇನ್ನೊಂದು ಟವರ್ ಮೇಲೆ ಮೈಕ್ ಹಿಡಕೊಂಡು ಮಾತಾಡ್ತಿದ್ರಲ್ಲ, ಅವರನ್ನ ಯಾಕೆ ಮೊದಲೇ ಇಳಿಸ್ಲಿಲ್ಲ?'

ಆ ದೃಶ್ಯ ನೋಡದವರಿಗೆ ಹೇಳಬೇಕು. ಒಂದು ಟೆಲಿವಿಷನ್ ಟವರ್. ಅದರ ಮೇಲೆ ವರದಿಗಾರರು. ಗೊಜಿರ ಹತ್ತಿರ ಹತ್ತಿರ ಬರುತ್ತಿದೆ. ಒಬ್ಬ ಮಾತು ನಿಲ್ಲಿಸುವುದಿಲ್ಲ. ಬಂತು, ಟವರ್ ಹಿಡಿಯಿತು, ಇನ್ನು ನಮ್ಮ ಕೊನೆ ಎನ್ನುತ್ತಾನೆ. 'ಸಯೋನಾರ' ಎನ್ನುತ್ತಾನೆ. ಟವರ್ ಸಮೇತ ಎಲ್ಲರೂ ಕೆಳಗೆ. ಮೈಕಿನ ಮುಂದೆ ಕೂತು ಇದನ್ನು ಹೇಳುವಾಗ ನನಗೂ ಸ್ವಲ್ಪ ಗಂಟಲು ಕಟ್ಟುತ್ತದೆ, ಕ್ಷಮಿಸಿ.

ನಾನು ಕೇಳಿದೆ, 'ಸ್ವಾಮಿ, ಎಲ್ಲರೂ ಗೊಜಿರನನ್ನೇ ನೋಡುತ್ತಿದ್ದರು. ನಿಮಗೆ ಇದೆಲ್ಲ ಹೇಗೆ ಕಣ್ಣಿಗೆ ಬಿತ್ತು?'

ಅವರು ಸ್ವಲ್ಪ ನಾಚಿಕೊಂಡರು. 'ಎಲ್‌ಸಿ, ಅಂದ್ರೆ ಕರೆಂಟ್ ತೆಗೆಸಿ ಲೈನ್ ಕ್ಲಿಯರ್, ಇಸ್ಕೊಂಡು ಕಂಬ ಹತ್ತೋ ಕೆಲಸ ಮಾಡಿದವರು ನಾವು. ಏನಾದ್ರೂ ಬೀಳ್ತಿದೆ ಅಂದ್ರೆ ಬೀಳೋದನ್ನ ನೋಡಲ್ಲ ಮೇಷ್ಟ್ರೇ. ಕೆಳಗೆ ಯಾರಿದ್ದಾರೆ ಅಂತ ನೋಡ್ತೀವಿ.'

ಅಷ್ಟು ವರ್ಷ ಸಿನಿಮಾ ಪಾಠ ಮಾಡಿದವನು ನಾನು. ಈ ಮಾತು ನನಗೆ ಹೊಳೆದಿರಲಿಲ್ಲ.

ಅವತ್ತೇ ಬಂದವರನ್ನೆಲ್ಲ ಕೂರಿಸಿ ಎರಡು ದೃಶ್ಯ ಮತ್ತೆ ಹಾಕಿದೆ. ಒಂದು, ಟೋಕಿಯೋದ ಗಿಂಜಾ ಬೀದಿಯದು. ಊರು ಉರಿಯುತ್ತಿದೆ. ಗೋಡೆಯ ಬುಡದಲ್ಲಿ ಒಬ್ಬ ತಾಯಿ ಮಕ್ಕಳನ್ನು ಅಪ್ಪಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದಾಳೆ. ಓಡುವುದನ್ನು ಬಿಟ್ಟಿದ್ದಾಳೆ. 'ಇನ್ನೇನು ಅಪ್ಪನ ಹತ್ತಿರ ಹೋಗ್ತೀವಿ' ಎಂದು ಮಕ್ಕಳಿಗೆ ಹೇಳುತ್ತಾಳೆ. ಅಪ್ಪ ಎಲ್ಲಿ, ಏನಾದ ಎಂದು ಚಿತ್ರ ಹೇಳುವುದಿಲ್ಲ. ಜಪಾನಿನವರಿಗೆ ಹೇಳಬೇಕಾಗಿಯೂ ಇರಲಿಲ್ಲ. ಇನ್ನೊಂದು, ಮರುದಿನದ ಆಸ್ಪತ್ರೆ. ಒಂದು ಮಗುವಿನ ಮುಂದೆ ವಿಕಿರಣ ಅಳೆಯುವ ಯಂತ್ರ ಹಿಡಿಯುತ್ತಾರೆ. ಯಂತ್ರ ಕಟಕಟ ಎನ್ನುತ್ತದೆ. ಮಗು ಸುಮ್ನೆ ಕೂತಿದೆ. ಹಿಡಿದವರು ತಲೆ ಆಡಿಸುತ್ತಾರೆ. ಈ ಸಲ ಮುಂದಿನ ಸಾಲಿನಿಂದ ರಬ್ಬರ್ ಎಂಬ ಮಾತು ಬರಲಿಲ್ಲ.

ಬರೆದುಕೊಂಡು ಬಂದ ಹಾಳೆಯಲ್ಲಿ ಇನ್ನೂ ನಾಲ್ಕು ವಿಷಯ ಇವೆ. ಲೈನ್‌ಮ್ಯಾನ್ ಕತೆ ಅರ್ಧ ಹೊತ್ತು ತಿಂದುಬಿಟ್ಟಿತು. ಬೇಗ ಬೇಗ ಹೇಳುತ್ತೇನೆ.

ಆಗ ಜಪಾನಿನ ವಿಮರ್ಶಕರಲ್ಲಿ ಕೆಲವರಿಗೆ ಈ ಚಿತ್ರ ಹಿಡಿಸಲಿಲ್ಲ. ದೇಶದ ಗಾಯದ ಮೇಲೆ ಕಾಸು ಮಾಡುತ್ತಿದ್ದಾರೆ ಎಂದು ಬೈದರು. ಆ ಮೀನಿನ ದೋಣಿಯ ಸಂಕಟ ಇನ್ನೂ ಹಸಿಯಾಗಿತ್ತು, ಸಿಟ್ಟು ಬಂದದ್ದು ತಪ್ಪೇನಲ್ಲ. ಜನ ಮಾತ್ರ ಬಂದರು. ಸುಮಾರು 96 ಲಕ್ಷ ಟಿಕೆಟ್ ಹೋಯಿತು. ನಾಯಕನ ಪಾತ್ರ ಮಾಡಿದ ಅಕಿರ ತಕರದ ಅವರು, ಮೊದಲ ಸಲ ಪೂರ್ತಿ ಚಿತ್ರ ನೋಡಿ ಗೊಜಿರನಿಗಾಗಿಯೇ ಅತ್ತುಬಿಟ್ಟೆ ಎಂದು ಹೇಳಿಕೊಂಡಿದ್ದಾರೆ. ಅದೂ ಬಾಂಬಿನಿಂದ ನೆಲೆ ಕಳಕೊಂಡು ಎದ್ದು ಬಂದ ಜೀವವೇ ತಾನೇ.

ಅಮೆರಿಕದ ವಿಷಯಕ್ಕೆ ಬಂದರೆ ನನಗೆ ತಾಳ್ಮೆ ಇಲ್ಲ. 96 ನಿಮಿಷದ ಚಿತ್ರವನ್ನು ಕತ್ತರಿಸಿ, ಮಧ್ಯೆ ರೇಮಂಡ್ ಬರ್ ಎಂಬ ನಟನನ್ನು ವರದಿಗಾರನಾಗಿ ಅಂಟಿಸಿ, 1956ರಲ್ಲಿ 80 ನಿಮಿಷದ ಚಿತ್ರ ಮಾಡಿ ಬಿಟ್ಟರು. ರೈಲಿನಲ್ಲಿ ಕೂತ ಒಬ್ಬ ಹೆಂಗಸು, 'ನಾಗಸಾಕಿಯಿಂದ ಹೇಗೋ ಜೀವ ಉಳಿಸಿಕೊಂಡು ಬಂದೆ, ಈಗ ಇದು ಬೇರೆ' ಎನ್ನುವ ಮಾತಿತ್ತು. ಅದು ಹೋಯಿತು. ಕೊನೆಯಲ್ಲಿ ತಕಾಶಿ ಶಿಮುರ ಮಾಡಿದ ಮುದುಕ ವಿಜ್ಞಾನಿ, 'ಇದೇ ಕೊನೆಯ ಗೊಜಿರ ಅಂತ ನನಗನ್ನಿಸಲ್ಲ, ಪರೀಕ್ಷೆಗಳು ನಡೆಯುತ್ತಲೇ ಇದ್ದರೆ ಇನ್ನೊಂದು ಎಲ್ಲಾದರೂ ಬರುತ್ತೆ' ಎನ್ನುತ್ತಾರೆ. ಅದೂ ಹೋಯಿತು. ಉಪ್ಪು, ಹುಳಿ, ಖಾರ ತೆಗೆದು ಸಾರು ಬಡಿಸಿದ ಹಾಗೆ. ಜಪಾನೀ ಮೂಲ ಚಿತ್ರ ಅಮೆರಿಕದ ಚಿತ್ರಮಂದಿರಗಳಲ್ಲಿ ಸರಿಯಾಗಿ ಬಿಡುಗಡೆಯಾಗಲು 2004 ಬರಬೇಕಾಯಿತು. ಆಗ ದೊಡ್ಡ ವಿಮರ್ಶಕ ರೋಜರ್ ಎಬರ್ಟ್ ನಾಲ್ಕಕ್ಕೆ ಒಂದೂವರೆ ನಕ್ಷತ್ರ ಕೊಟ್ಟರು. ಪೆದ್ದು ಚಿತ್ರ ಎಂದರು, ಆದರೆ ಇತಿಹಾಸದಲ್ಲಿ ತನ್ನ ಜಾಗ ಗಳಿಸಿಕೊಂಡಿದೆ ಎನ್ನುವ ಅರ್ಥದ ಮಾತನ್ನೂ ಹೇಳಿದರು. ಎಬರ್ಟ್ ನೋಡಿದ್ದು ಪ್ರಾಣಿಯನ್ನು. ಗೌರವ ಇಟ್ಟುಕೊಂಡೇ ಹೇಳುತ್ತೇನೆ, ನಮ್ಮ ಲೈನ್‌ಮ್ಯಾನ್ ಪಕ್ಕ ಕೂರಿಸಬೇಕಿತ್ತು ಅವರನ್ನು.

ಸಂಗೀತದ ಬಗ್ಗೆ ಐದು ನಿಮಿಷ ಇಟ್ಟುಕೊಂಡಿದ್ದೆ, ಈಗ ಅರ್ಧ ನಿಮಿಷವಿದೆ. ಸಂಗೀತ ಅಕಿರ ಇಫುಕುಬೆ ಅವರದು. ಗೊಜಿರನ ಕೂಗು ಯಾವ ಪ್ರಾಣಿಯದೂ ಅಲ್ಲ. ಆಳೆತ್ತರದ ಪಿಟೀಲಿನಂತಿರುವ ಡಬಲ್ ಬೇಸ್ ವಾದ್ಯದ ತಂತಿ ಸಡಿಲ ಮಾಡಿ, ಅಂಟು ಬಳಿದ ಚರ್ಮದ ಕೈಗವಸಿನಿಂದ ಉಜ್ಜಿ ತೆಗೆದ ಶಬ್ದ. ಚಿತ್ರ ಶುರುವಾಗುವಾಗ ಹೆಸರುಗಳಷ್ಟೇ ಕಾಣುತ್ತವೆ. ಪ್ರಾಣಿ ಇಲ್ಲ, ಊರಿಲ್ಲ. ಧಪ್, ಧಪ್ ಎಂದು ಹೆಜ್ಜೆ ಕೇಳುತ್ತದೆ, ಆಮೇಲೆ ಆ ಕೂಗು. ರೇಡಿಯೊ ಕೇಳುವವರಿಗೆ ಇದು ಸುಲಭವಾಗಿ ಹಿಡಿಸುತ್ತದೆ. ಫೋನಿನಲ್ಲಿ ನೋಡಬೇಡಿ. ದೊಡ್ಡ ಪರದೆ ಸಿಗದಿದ್ದರೆ ಟಿವಿಯಲ್ಲಾದರೂ ಹಾಕಿ, ಸೌಂಡ್ ಜಾಸ್ತಿ ಇಡಿ, ಪಕ್ಕದ ಮನೆಯವರಿಗೆ ಮೊದಲೇ ಹೇಳಿಡಿ. ಜಪಾನೀ ಮಾತಿರುವ ಪ್ರತಿಯನ್ನೇ ಹುಡುಕಿ. ಟವರ್ ಬೀಳುವಾಗ ಕೆಳಗೆ ನೋಡಿ.

ನಮಸ್ಕಾರ.