ಐದು ದಿನ ಸಿಟ್ಟು, ಆಮೇಲೆ ಭಯ

ಈ ವಿಡಿಯೋನ ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಯಾರೋ ಅಭಿಮಾನಿ ಫೋನಿನಲ್ಲಿ ತೆಗೆದದ್ದು. ಚಿತ್ರ ಅಲುಗಾಡುತ್ತದೆ, ಸೌಂಡ್ ಒಡೆದಿದೆ. ಶೋ ಮುಗಿಯೋ ಹೊತ್ತು. ಜುಡಾಸ್ ಪ್ರೀಸ್ಟ್ ಅನ್ನೋ ಬ್ರಿಟಿಷ್ ಹೆವಿ ಮೆಟಲ್ ಬ್ಯಾಂಡಿನ ಗ್ಲೆನ್ ಟಿಪ್ಟನ್ ಗಿಟಾರ್ ಹಾಕಿಕೊಂಡು ಸ್ಟೇಜಿಗೆ ಬರುತ್ತಾರೆ. ಜನ ಕೂಗೋದು ಕೇಳಿದರೆ ಈಗಲೂ ಮೈ ಜುಮ್ ಅನ್ನುತ್ತದೆ. ನನ್ನ ಕಣ್ಣು ಮಾತ್ರ ಅವರ ಎಡಗೈ ಮೇಲೇ ಇರುತ್ತದೆ. ಬೆರಳು ತಂತಿ ಮೇಲೆ ಸರಿಯಾಗಿ ಕೂರುತ್ತಿದೆಯಾ ಅಂತ.

ಟಿಪ್ಟನ್ ಜುಡಾಸ್ ಪ್ರೀಸ್ಟ್ ಸೇರಿದ್ದು 1974ರಲ್ಲಿ. ಕೈಕಾಲು ನಡುಗಿಸೋ ಪಾರ್ಕಿನ್ಸನ್ ಕಾಯಿಲೆ ಇದೆ ಅಂತ ಹೇಳಿಕೊಂಡದ್ದು 2018ರ ಫೆಬ್ರವರಿಯಲ್ಲಿ. ಅದು ಅವರಿಗೆ ಗೊತ್ತಾಗಿ ಆಗಲೇ ಹತ್ತು ವರ್ಷ ಆಗಿತ್ತು. ಅಷ್ಟೂ ವರ್ಷ ನಾವು ಏನೂ ಗೊತ್ತಿಲ್ಲದೆ ಚಪ್ಪಾಳೆ ಹೊಡೆದಿದ್ದೇವೆ! ಆಮೇಲೆ ಟೂರ್‌ಗಳಲ್ಲಿ ಅವರ ಜಾಗದಲ್ಲಿ ನಿಂತವರು ಆ್ಯಂಡಿ ಸ್ನೀಪ್. ಬ್ಯಾಂಡಿನ ಆಲ್ಬಂ ಪ್ರೊಡ್ಯೂಸ್ ಮಾಡಿದ ಮನುಷ್ಯ.

2022ರ ಜನವರಿಯಲ್ಲಿ ಇದ್ದಕ್ಕಿದ್ದಂತೆ ಒಂದು ಪ್ರಕಟಣೆ ಬಂತು. ಇನ್ನು ಮುಂದೆ ಟೂರ್‌ಗೆ ನಾಲ್ಕೇ ಜನ, ಸ್ನೀಪ್ ಇರೋದಿಲ್ಲ. ಅಂದರೆ ಒಂದೇ ಗಿಟಾರ್. ಎರಡು ಗಿಟಾರ್ ಜಗಳ ಆಡಿದ ಹಾಗೆ ಮಾತಾಡಿಕೊಳ್ಳೋದೇ ಈ ಬ್ಯಾಂಡಿನ ಜೀವ, ಅಲ್ವಾ? ಇನ್ನೂ ಸಂಕಟದ ವಿಷಯ ಅಂದರೆ ಆ ಭಾರವೆಲ್ಲ ಇನ್ನೊಬ್ಬ ಗಿಟಾರಿಸ್ಟ್ ರಿಚಿ ಫಾಕ್ನರ್ ಒಬ್ಬರ ಮೇಲೆ ಬೀಳುತ್ತಿತ್ತು. ಹಿಂದಿನ ಸೆಪ್ಟೆಂಬರ್‌ನಲ್ಲಿ ಕೆಂಟಕಿಯ ಲೂಯಿವಿಲ್‌ನಲ್ಲಿ ಸ್ಟೇಜ್ ಮೇಲಿರುವಾಗಲೇ ಅವರ ಹೃದಯದ ಮಹಾಧಮನಿ ಹರಿದಿತ್ತು. ಸುಮಾರು ಹತ್ತು ಗಂಟೆ ಆಪರೇಷನ್. ನಾಲ್ಕು ತಿಂಗಳೂ ಆಗಿರಲಿಲ್ಲ.

ನಾನಂತೂ ಕೆಂಡವಾದೆ. ದುಡ್ಡು ಉಳಿಸೋಕೆ ಮ್ಯಾನೇಜ್‌ಮೆಂಟ್ ಮಾಡಿದ ಕೆಲಸ ಅಂತ ಸಿಕ್ಕಿದವರಿಗೆಲ್ಲ ಹೇಳಿದೆ. ಹಾಗೆ ಅನಿಸೋಕೆ ಹಳೇ ಕಾರಣವೂ ಇತ್ತು. 2011ರಲ್ಲಿ ಹಳೇ ಗಿಟಾರಿಸ್ಟ್ ಕೆ.ಕೆ. ಡೌನಿಂಗ್ ಬಿಟ್ಟು ಹೋದಾಗ, ಬ್ಯಾಂಡಿನ ಕೆಲವರ ಜೊತೆಗೂ ಮ್ಯಾನೇಜ್‌ಮೆಂಟ್ ಜೊತೆಗೂ ಸಂಬಂಧ ಹಳಸಿದೆ ಅಂತ ಹೇಳಿಯೇ ಹೋಗಿದ್ದರು.

ಐದು ದಿನ. ಅಷ್ಟರಲ್ಲಿ ತೀರ್ಮಾನ ವಾಪಸ್, ಸ್ನೀಪ್ ವಾಪಸ್. ಆಮೇಲೆ ಬ್ಯಾಂಡಿನ ಗಾಯಕ ರಾಬ್ ಹಾಲ್ಫರ್ಡ್ ಅವರೇ ಒಪ್ಪಿಕೊಂಡರು, ನಾಲ್ಕು ಜನರ ಐಡಿಯಾ ತಮ್ಮದೇ ಅಂತ.

ಅದನ್ನು ಓದಿ ಸುಮ್ನೆ ಕೂತುಬಿಟ್ಟೆ. ತಪ್ಪು ಮಾಡದವರನ್ನು ಬೈದಿದ್ದೆ. ಅದಕ್ಕೆ ಇವತ್ತಿಗೂ ಬೇಜಾರಿದೆ. ಆದರೆ ಒಂದು ಪ್ರಶ್ನೆ ಮಾತ್ರ ಹೋಗಲಿಲ್ಲ. ಹಾಲ್ಫರ್ಡ್‌ಗೆ ಆಗ 70 ವರ್ಷ. ಅಂಥ ದೊಡ್ಡ ಮನುಷ್ಯರು ಒಂದು ಐಡಿಯಾ ತಂದಾಗ "ಸರ್, ಇದು ಬೇಡ, ರಿಚಿ ಈಗಷ್ಟೇ ಎದ್ದಿದ್ದಾರೆ" ಅನ್ನೋರು ಪಕ್ಕದಲ್ಲಿ ಬೇಕಲ್ವಾ? ನನ್ನ ಪ್ರಕಾರ ಮ್ಯಾನೇಜ್‌ಮೆಂಟ್ ಇರೋದೇ ಅದಕ್ಕೆ. ಶೋ ಬುಕ್ ಮಾಡೋದು ಆಮೇಲೆ.

ಮೋಟರ್‌ಹೆಡ್ ಅನ್ನೋ ಇನ್ನೊಂದು ಬ್ಯಾಂಡಿನ ಗಾಯಕ ಲೆಮ್ಮಿ ನೆನಪಾಗುತ್ತಾರೆ. 2015ರಲ್ಲಿ ಮೋಟರ್‌ಹೆಡ್‌ನ ಕೆಲವು ಶೋ ಅವರಿಗೆ ಹುಷಾರಿಲ್ಲದೆ ಅರ್ಧಕ್ಕೇ ನಿಂತವು. ಆದರೂ ಟೂರ್ ನಡೆಯಿತು. ಡಿಸೆಂಬರ್ 11ಕ್ಕೆ ಬರ್ಲಿನ್‌ನಲ್ಲಿ ಕೊನೇ ಶೋ, 24ಕ್ಕೆ 70 ತುಂಬಿತು, 28ಕ್ಕೆ ಹೋಗಿಬಿಟ್ಟರು. ಕ್ಯಾನ್ಸರ್ ಅಂತ ತಿಳಿದದ್ದು ಅದಕ್ಕೆ ಎರಡೇ ದಿನ ಮುಂಚೆ. ಸ್ಟೇಜ್ ಬಿಟ್ಟು ಇರಲಾರೆ ಅನ್ನೋರನ್ನು ಯಾರು ತಡೆಯೋಕಾಗುತ್ತೆ, ನಿಜ. ಆದರೆ ಅವತ್ತಿನಿಂದ ಟೂರ್ ಪಟ್ಟಿ ಬಂದರೆ ನಾನು ಊರಿನ ಹೆಸರು ನೋಡೋದಿಲ್ಲ. ಎರಡು ಶೋ ನಡುವೆ ಎಷ್ಟು ದಿನ ಬಿಟ್ಟಿದ್ದಾರೆ ಅಂತ ಎಣಿಸುತ್ತೇನೆ. ಶೋ ಕಡಿಮೆ ಆಗಲಿ, ಪರವಾಗಿಲ್ಲ. ಹುಷಾರಿಲ್ಲ ಅಂದರೆ ಹುಷಾರಿಲ್ಲ ಅಂತಲೇ ಹೇಳಲಿ. ಕಾಯೋಕೆ ನಾವು ರೆಡಿ.

ಈಗ ವಿಡಿಯೋ ಇಲ್ಲಿ ನಿಲ್ಲಿಸುತ್ತೇನೆ, ನೋಡಿ. ಟಿಪ್ಟನ್ ನುಡಿಸುತ್ತಿದ್ದಾರೆ. ಆ್ಯಂಡಿ ಒಂದು ಹೆಜ್ಜೆ ಹಿಂದೆ ಸರಿದು ನಿಂತಿದ್ದಾರೆ. ಅವರ ಕಣ್ಣೂ ಆ ಎಡಗೈ ಮೇಲೇ ಇದೆ.