ಚುಕ್ಕಿ ಟಿವಿಗೆ ಬಂದ್ಲು: ನಮ್ ಮೊಬೈಲ್ ಗೇಮ್‌ನ ಕನ್ಸೋಲ್‌ಗೆ ತರ್ತಿರೋ ಕತೆ

ಈಗ ಸ್ಕ್ರೀನ್ ಮೇಲೆ ಕಾಣ್ತಿದಾಳಲ್ಲ, ಹತ್ತಿ ಉಂಡೆ ತರ, ತಲೆ ಮೇಲೆ ಒಂದೇ ಒಂದು ಎಲೆ ಇಟ್ಕೊಂಡಿರೋಳು, ಇವಳೇ ಚುಕ್ಕಿ. ನಮ್ ಗೇಮಲ್ಲಿ ನೀವು ಒಬ್ಬ ಪುಟ್ಟ ಮಾಂತ್ರಿಕ, ಕಾಡು ಗುಹೆ ತೇಲೋ ದ್ವೀಪ ಎಲ್ಲಾ ಸುತ್ತಾಡ್ತೀರಿ, ಚುಕ್ಕಿ ನಿಮ್ ಹಿಂದೆ ಹಿಂದೆನೇ ಪುಟುಪುಟು ಅಂತ ಬರ್ತಾಳೆ, ಫೈಟ್ ಬಂದ್ರೆ ಜೊತೆಗೆ ನಿಲ್ತಾಳೆ, ರಾತ್ರಿ ಬೆಂಕಿ ಹಾಕ್ಕೊಂಡು ಕೂತಾಗ ಬೆರಳಲ್ಲಿ ತಲೆ ಸವರಿದ್ರೆ ಕಣ್ಮುಚ್ಚಿ ಗುರ್ರ್ ಅಂತಾಳೆ. ಫೋನಲ್ಲಿ ಜನ ಈ ಗೇಮ್‌ನ ಇಷ್ಟ ಪಟ್ಟಿದ್ದೇ ಆ ಸವರೋದಕ್ಕೆ. ಕತೆ ಚೆನ್ನಾಗಿದೆ ಅಂದವರು ಕೆಲವರು, ಚುಕ್ಕಿ ಗುರ್ರ್ ಅಂತಾಳೆ ಅಂತ ಬರೆದವರೇ ಜಾಸ್ತಿ.

ಈಗ ಅದನ್ನ ಕನ್ಸೋಲ್‌ಗೆ, ಅಂದ್ರೆ ಟಿವಿಗೆ ಜೋಡಿಸಿ ಕಂಟ್ರೋಲರ್ ಹಿಡ್ಕೊಂಡು ಆಡೋ ಯಂತ್ರಗಳಿಗೆ ತರ್ತಿದೀವಿ. ಟಿವಿ ಮೇಲೆ ಮೊದಲ ಸಲ ಗೇಮ್ ಓಡಿದ ದಿನ ನಾನೂ ಚಿತ್ರ ಬರೆಯೋ ನನ್ ಗೆಳೆಯಾನೂ ಕುಣಿದ್ಬಿಟ್ವಿ. ಅಲ್ಲೇ ಇದ್ದ ಅಕ್ಕನ ಮಗಳ ಕೈಗೆ ಕಂಟ್ರೋಲರ್ ಕೊಟ್ಟೆ, ಫೋನಲ್ಲಿ ಅವಳು ಈ ಗೇಮ್‌ನ ಎಷ್ಟು ಸಲ ಮುಗಿಸಿದಾಳೋ ಲೆಕ್ಕ ಇಲ್ಲ, ಒಂದಿಷ್ಟು ಓಡಾಡಿದ್ಲು, ಎರಡು ಅಣಬೆ ರಾಕ್ಷಸರನ್ನ ಸೋಲಿಸಿದ್ಲು, ಬೆಂಕಿ ಹತ್ರ ಬಂದು ಕೂತ್ಲು, ಆಮೇಲೆ ಕಂಟ್ರೋಲರ್‌ನ ನೆಲದ ಮೇಲಿಟ್ಟು ಸೀದಾ ಟಿವಿ ಹತ್ರ ನಡ್ಕೊಂಡು ಹೋಗಿ ಪರದೆ ಮೇಲೆ ಚುಕ್ಕಿ ತಲೆ ಸವರಿದ್ಲು. ಏನೂ ಆಗ್ಲಿಲ್ಲ. ನನ್ನ ಕಡೆ ತಿರುಗಿ "ಮಾಮಾ, ಇವಳಿಗೆ ನನ್ ಗುರ್ತು ಸಿಕ್ತಿಲ್ವಾ" ಅಂದ್ಲು.

ಅವತ್ತಿಂದ ಈ ಪೋರ್ಟ್, ಅಂದ್ರೆ ಫೋನ್ ಗೇಮ್‌ನ ಕನ್ಸೋಲ್‌ಗೆ ತರೋ ಕೆಲಸ ಪೂರ್ತಿ ಆ ಪ್ರಶ್ನೆ ಸುತ್ತಾನೇ ತಿರುಗ್ತಿದೆ.

ಪೋರ್ಟ್ ಅಂದ್ರೆ ಗೇಮ್ ಕಟ್ಟೋ ಸಾಫ್ಟ್‌ವೇರ್ ಆದ ಎಂಜಿನ್‌ನಲ್ಲಿ ಪ್ಲಾಟ್‌ಫಾರ್ಮ್ ಬದಲಾಯಿಸಿ ಬಿಲ್ಡ್ ಒತ್ತೋದು ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ, ಬಿಲ್ಡ್ ಆಗೋದೇನೋ ಆಗುತ್ತೆ, ಆದ್ರೆ ಫೋನ್ ಗೇಮ್ ಅನ್ನೋದು ಬೆರಳಿಗೆ ಅಂತ ಹೊಲಿದ ಬಟ್ಟೆ. ನಮ್ ಬ್ಯಾಗ್ ಸ್ಕ್ರೀನ್ ನೋಡಿ, ಫೋನಲ್ಲಿ ಯಾವ ಮದ್ದು ಬೇಕೋ ಅದರ ಮೇಲೆ ಬೆರಳಿಟ್ರೆ ಮುಗೀತು. ಕಂಟ್ರೋಲರಲ್ಲಿ ಬೆರಳೇ ಇಲ್ಲ, ಹಾಗಾಗಿ ಯಾವಾಗ್ಲೂ ಯಾವುದಾದ್ರೂ ಒಂದು ವಸ್ತು ಆಯ್ಕೆ ಆಗಿರ್ಲೇಬೇಕು, ಅದರ ಸುತ್ತ ಹೊಳೆಯೋ ಅಂಚು ಬೇಕು, ಬಲಕ್ಕೆ ಒತ್ತಿದ್ರೆ ಎಲ್ಲಿಗೆ ಹೋಗ್ಬೇಕು, ಸಾಲಿನ ಕೊನೇಲಿದ್ರೆ ಎಲ್ಲಿಗೆ, ಮದ್ದು ಖಾಲಿಯಾಗಿ ಆ ಜಾಗನೇ ಮಾಯ ಆದ್ರೆ ಆಯ್ಕೆ ಎಲ್ಲಿ ಹೋಗಿ ಕೂರ್ಬೇಕು, ಇದನ್ನೆಲ್ಲಾ ಪ್ರತಿ ಸ್ಕ್ರೀನ್‌ಗೂ ಕೂತು ಬರೀಬೇಕು. ಒಂದು ಕಡೆ ಮರೆತ್ರೂ ಆಯ್ಕೆ ಕಳೆದುಹೋಗಿ ಆಟಗಾರ ಅಲ್ಲೇ ಸಿಕ್ಕಾಕ್ಕೋತಾನೆ.

ಇನ್ನು ದೂರ. ಫೋನ್ ನಮ್ ಮುಖಕ್ಕೆ ಒಂದಡಿ ದೂರದಲ್ಲಿರುತ್ತೆ, ಟಿವಿ ಏಳೆಂಟು ಅಡಿ. ಅಲ್ಲಿ ಮುದ್ದಾಗಿ ಕಂಡ ಸಣ್ಣ ಅಕ್ಷರ ಇಲ್ಲಿ ಇರುವೆ ಸಾಲು. ಅಕ್ಷರ ದೊಡ್ಡದು ಮಾಡಿದ್ರೆ ಮಾತಿನ ಬಾಕ್ಸಲ್ಲಿ ಹಿಡಿಯಲ್ಲ, ಬಾಕ್ಸ್ ದೊಡ್ಡದು ಮಾಡಿದ್ರೆ ಚುಕ್ಕಿ ಮುಚ್ಚೋಗ್ತಾಳೆ, ಕೊನೆಗೆ ಉದ್ದ ಮಾತುಗಳನ್ನೇ ಎರಡೆರಡಾಗಿ ಮುರಿದ್ವಿ, ಅದರಿಂದ ಸಂಭಾಷಣೆ ಚುರುಕಾಯ್ತು ಅಂತ ನನಗೆ ನಿಜವಾಗ್ಲೂ ಅನ್ಸುತ್ತೆ. ಕೆಲವು ಟಿವಿಗಳು ಚಿತ್ರದ ಅಂಚನ್ನ ಕತ್ತರಿಸಿ ತೋರಿಸ್ತವೆ, ಅದಕ್ಕೆ ಮೂಲೆಗೆ ಅಂಟಿಸಿದ್ದ ಜೀವದ ಪಟ್ಟಿ, ನಕ್ಷೆ ಎಲ್ಲಾ ಒಳಗೆ ಎಳ್ಕೊಂಡ್ವಿ.

ಬಟನ್ ವಿಷಯ ಬೇಗ ಹೇಳ್ಬಿಡ್ತೀನಿ. ನಿಂಟೆಂಡೊ ಕಂಟ್ರೋಲರಲ್ಲಿ ಎ ಬಲಗಡೆ, ಎಕ್ಸ್‌ಬಾಕ್ಸಲ್ಲಿ ಎ ಕೆಳಗಡೆ. ಪ್ಲೇಸ್ಟೇಷನ್‌ನಲ್ಲಿ ಜಪಾನಿನವರು ಎಷ್ಟೋ ವರ್ಷ 'ಸರಿ' ಅನ್ನೋಕೆ ವೃತ್ತ ಒತ್ತೋರು, ಬೇರೆ ಕಡೆಯವರು ಕ್ರಾಸ್, 2020ರಲ್ಲಿ ಪಿಎಸ್5 ಬಂದಾಗ ಎಲ್ಲರಿಗೂ ಕ್ರಾಸ್ ಆಯ್ತು. ಅಂದ್ರೆ "ಎ ಒತ್ತಿ" ಅಂತ ಚಿತ್ರದೊಳಗೇ ಬರೆದಿದ್ದನ್ನೆಲ್ಲಾ ಕಿತ್ತು ಕನ್ಸೋಲ್‌ಗೆ ತಕ್ಕಂತೆ ಬದಲಾಗೋ ಐಕಾನ್ ಹಾಕ್ಬೇಕಾಯ್ತು.

ಈ ಕ್ಲಿಪ್ ನೋಡಿ. ಫೋನಲ್ಲಿ ಬ್ಯಾಟರಿ ಉಳಿಸೋಕೆ ಗೇಮ್‌ನ 30 ಎಫ್‌ಪಿಎಸ್‌ಗೆ, ಅಂದ್ರೆ ಸೆಕೆಂಡಿಗೆ 30 ಫ್ರೇಮ್‌ಗೆ ಕಟ್ಟಿಹಾಕಿದ್ವಿ, ಕನ್ಸೋಲಲ್ಲಿ 60ಕ್ಕೆ ಬಿಟ್ಟ ತಕ್ಷಣ ಚುಕ್ಕಿ ಡಬಲ್ ಸ್ಪೀಡಲ್ಲಿ ಓಡೋಕೆ ಶುರು ಮಾಡಿದ್ಲು, ಯಾಕಂದ್ರೆ ಶುರುವಿನಲ್ಲಿ ಬರೆದ ಕೋಡಲ್ಲಿ ಪ್ರತಿ ಫ್ರೇಮ್‌ಗೆ ಇಷ್ಟು ದೂರ ಅಂತ ಲೆಕ್ಕ ಇತ್ತು, ಸೆಕೆಂಡಿಗೆ ಇಷ್ಟು ಅಂತ ಇರ್ಬೇಕಿತ್ತು. ಓಟ ಸರಿ ಮಾಡಿದ್ವಿ, ನೆಗೆತ ಸರಿ ಮಾಡಿದ್ವಿ, ಎಲ್ಲಾ ಮುಗೀತು ಅಂತ ನೋಡಿದ್ರೆ ತಲೆ ಮೇಲಿನ ಎಲೆ ಫ್ಯಾನ್ ತರ ಗಿರಗಿರ ಅಂತಿತ್ತು. ಮೂಲೆ ಮೂಲೆಯಲ್ಲೂ ಹುಡುಕ್ಬೇಕು ಇಂಥದನ್ನ.

ಚಿತ್ರಗಳ ಕತೆ ಬೇರೆ. ಫೋನ್‌ಗಳಿಗೆ ಟೆಕ್ಸ್ಚರ್‌ಗಳನ್ನ, ಅಂದ್ರೆ ಗೇಮಲ್ಲಿ ಬಳಸೋ ಚಿತ್ರಗಳನ್ನ, ಎಎಸ್‌ಟಿಸಿ ಅನ್ನೋ ರೀತಿಯಲ್ಲಿ ಒತ್ತಿ ಚಿಕ್ಕದು ಮಾಡಿದ್ವಿ. ನಿಂಟೆಂಡೊದ ಮೊದಲ ಸ್ವಿಚ್ ಕನ್ಸೋಲ್‌ನಲ್ಲಿರೋ ಟೆಗ್ರಾ ಎಕ್ಸ್1 ಚಿಪ್ ಅದನ್ನ ಓದುತ್ತೆ, ಪಿಎಸ್5, ಎಕ್ಸ್‌ಬಾಕ್ಸ್‌ಗೆ ಬಿಸಿ7 (BC7) ಅನ್ನೋ ಬೇರೆ ರೀತಿ ಒತ್ತಿದ್ದು ಬೇಕು, ಹಾಗಾಗಿ ಎರಡು ಸೆಟ್. ಆ ಸ್ವಿಚ್‌ನ ಟಿವಿ ಇಲ್ಲದೆ ಕೈಯಲ್ಲಿ ಹಿಡಿದೂ ಆಡ್ಬಹುದು, ಆಗ ಪರದೆ 6.2 ಇಂಚು, 1280×720 ಪಿಕ್ಸೆಲ್, ಅಲ್ಲಿ ನಮ್ ಹಳೇ ಚಿತ್ರಗಳು ಸೊಗಸಾಗೇ ಕಾಣ್ತವೆ, ಅದೇ ಚಿತ್ರ 3840×2160ರ 4ಕೆ ಟಿವಿಲಿ ಕಣ್ಣಲ್ಲಿ ನೀರು ತುಂಬ್ಕೊಂಡು ನೋಡಿದಂಗೆ ಮಸುಕು. ಗೆಳೆಯ ಚುಕ್ಕಿ ಮುಖ ಪೂರ್ತಿ ಮತ್ತೆ ಬರೆದ. ಮುದ್ದು ಮುಖದ ಕಷ್ಟ ಏನು ಗೊತ್ತಾ, ಅಲ್ಲಿರೋದು ಎರಡು ಕಣ್ಣು ಒಂದು ಬಾಯಿ ಅಷ್ಟೇ, ಕಣ್ಣಿನ ನಡುವಿನ ಅಂತರ ಕೂದಲೆಳೆ ಹೆಚ್ಚಾದ್ರೂ ಅವಳು ಬೇರೆ ಯಾರೋ ಆಗ್ಬಿಡ್ತಾಳೆ.

ಗುರ್ರ್ ಸದ್ದೂ ಹಂಗೇ. ಫೋನಿನ ಪುಟ್ಟ ಸ್ಪೀಕರಲ್ಲಿ ತಗ್ಗು ದನಿ ಕೇಳಿಸಲ್ಲ ಅಂತ ಆ ಸದ್ದನ್ನ ಎತ್ತರದ ದನಿಯಲ್ಲಿ ಮಾಡಿದ್ವಿ, ಟಿವಿಲಿ ಅದು ಸೊಳ್ಳೆ ಗುಂಯ್‌ಗುಟ್ಟಿದಂಗಿತ್ತು. ಹೊಸದಾಗಿ ರೆಕಾರ್ಡ್ ಮಾಡಿ ಎದೆಯೊಳಗಿಂದ ಬರೋ ಹಂಗೆ ಮಾಡಿದೀವಿ. ಹೆಡ್‌ಫೋನ್ ಹಾಕ್ಕೊಂಡಿದ್ರೆ ಈಗ ಕೇಳಿ.

ಈಗ ನಾನು ತುಂಬಾ ಯೋಚನೆ ಮಾಡಿದ ಭಾಗ. ಫೋನಲ್ಲಿ ನಮ್ ಗೇಮ್ ಫ್ರೀ, ಐದು ಹೃದಯ ಖಾಲಿಯಾದ್ರೆ ಕಾಯ್ಬೇಕು ಇಲ್ಲಾ ಜಾಹೀರಾತು ನೋಡ್ಬೇಕು, ಪೆಟ್ಟಿಗೆ ತೆರೆಯೋಕೆ ಎಂಟು ಗಂಟೆ. ಕನ್ಸೋಲಲ್ಲಿ ಒಂದೇ ಸಲ ದುಡ್ಡು ಕೊಟ್ಟು ತಗೊಳೋ ಗೇಮ್ ಮಾಡೋಣ ಅಂತ ತೀರ್ಮಾನ ಮಾಡಿದ್ವಿ, ದುಡ್ಡು ಕೊಟ್ಟು ಸೋಫಾ ಮೇಲೆ ಕೂತವರಿಗೆ ಕಾಯ್ತಾ ಇರಿ ಅನ್ನೋಕಾಗಲ್ಲ. ಹೃದಯ ತೆಗೆದ್ವಿ. ತೆಗೆದ ಕೂಡ್ಲೇ ಲೆಕ್ಕ ಎಲ್ಲಾ ತಲೆಕೆಳಗು, ಯಾಕಂದ್ರೆ ಆ ಕಾಯೋ ಸಮಯವೇ ಗೇಮ್‌ನ ವೇಗ ಹಿಡಿದಿಟ್ಟಿತ್ತು, ಈಗ ಒಂದೇ ಮಧ್ಯಾಹ್ನದಲ್ಲಿ ಮೊದಲ ಕಾಡಲ್ಲೇ ನಿಂತು ಲೆವೆಲ್ ಏರಿಸ್ಕೊಂಡು ಮುಂದಿನ ರಾಕ್ಷಸರನ್ನೆಲ್ಲಾ ಒಂದೇ ಏಟಿಗೆ ಮುಗಿಸ್ಬಹುದು. ಶತ್ರುಗಳ ಬಲ, ಸಿಗೋ ಚಿನ್ನ, ಅಂಗಡಿ ಬೆಲೆ ಎಲ್ಲಾ ಮೊದಲಿಂದ ಕೂಡಿಸಿ ಕಳೆದ್ವಿ. ಪೆಟ್ಟಿಗೆ ಈಗ ಗಂಟೆ ನೋಡಲ್ಲ, ಅದನ್ನ ಬೆನ್ನಿಗೆ ಕಟ್ಕೊಂಡು ಹೊಸ ಜಾಗ ನೋಡ್ತಾ ನಡೆದ್ರೆ ತೆರ್ಕೊಳುತ್ತೆ. ಇದು ಮೊದಲಿಂದಾನೂ ಹಿಂಗೇ ಇರ್ಬೇಕಿತ್ತು.

ನಾವೇ ಮೊದಲಲ್ಲ, ಈ ದಾರಿಲಿ ನಡೆದವರು ಇದಾರೆ. ಓಷನ್‌ಹಾರ್ನ್ ಅನ್ನೋ ಗೇಮ್ 2013ರಲ್ಲಿ ಐಫೋನ್‌ಗೆ ಬಂದು 2017ರಲ್ಲಿ ಸ್ವಿಚ್‌ಗೆ ಹೋಯ್ತು. ಫ್ಯಾಂಟೇಷಿಯನ್ ಅನ್ನೋದು 2021ರಲ್ಲಿ ಆ್ಯಪಲ್‌ನ ಚಂದಾ ಗೇಮ್ ಸೇವೆ ಆ್ಯಪಲ್ ಆರ್ಕೇಡಲ್ಲಿ ಬಂತು, ಅದರಲ್ಲಿ ಮಂತ್ರ ಹೋಗೋ ದಾರಿನ ಬೆರಳಲ್ಲಿ ಬಾಗಿಸಿ ಸಾಲಾಗಿ ನಿಂತ ಶತ್ರುಗಳಿಗೆ ತಾಕಿಸ್ಬಹುದಿತ್ತು, 2024ರ ಡಿಸೆಂಬರಲ್ಲಿ ಕನ್ಸೋಲ್‌ಗೆ ಬಂದಾಗ ಗುರಿ ಹಿಡಿಯೋ ಕೆಲಸ ಕಂಟ್ರೋಲರ್‌ನ ಹೆಬ್ಬೆರಳಲ್ಲಿ ತಿರುಗಿಸೋ ಸ್ಟಿಕ್‌ಗೆ ಬಂತು, ಜೊತೆಗೆ ಪಾತ್ರಗಳಿಗೆ ದನಿ ಕೊಟ್ರು, ಕಷ್ಟದ ಮಟ್ಟ ಆಯ್ಕೆ ಮಾಡೋ ಅವಕಾಶ ಕೊಟ್ರು. ಹೊಸ ಜಾಗಕ್ಕೆ ಬರೋವಾಗ ಕೈಯಲ್ಲಿ ಏನಾದ್ರೂ ಹಿಡ್ಕೊಂಡು ಬಂದ್ರು, ಅದು ನನಗೆ ತುಂಬಾ ಇಷ್ಟ ಆಯ್ತು.

ಪರೀಕ್ಷೆನೂ ಇದೆ. ಕನ್ಸೋಲ್ ಕಂಪನಿಗಳು ಗೇಮ್‌ನ ತಪಾಸಣೆ ಮಾಡದೆ ಬಿಡಲ್ಲ, ನಿಂಟೆಂಡೊದಲ್ಲಿ ಅದಕ್ಕೆ ಲಾಟ್‌ಚೆಕ್ ಅಂತಾರೆ. ಕಂಟ್ರೋಲರ್ ಬ್ಯಾಟರಿ ಸತ್ರೆ ಗೇಮ್ ನಿಲ್ಬೇಕು, ನಿದ್ದೆ ಮೋಡ್‌ಗೆ ಹೋಗಿ ಬಂದ್ರೆ ಇದ್ದಲ್ಲೇ ಇರ್ಬೇಕು, ಇಂಥವು. ನಮ್ದು ಮೊದಲ ಸಲ ವಾಪಸ್ ಬಂತು, ಯಾವ ಕನ್ಸೋಲ್ ಅಂತ ಹೇಳಲ್ಲ, ತಪ್ಪು ನಮ್ದೇ. ಸೇವ್ ಆಗೋವಾಗ ಕಂಟ್ರೋಲರ್ ಕಿತ್ರೆ ಗೇಮ್ ನಿಲ್ತಿರ್ಲಿಲ್ಲ, ಹಿಂದೆ ಚುಕ್ಕಿ ಹೊಡೆತ ತಿಂತಾನೇ ಇದ್ಲು.

ಇನ್ನು ಸವರೋದು. ಪ್ಲೇಸ್ಟೇಷನ್ ಕಂಟ್ರೋಲರಲ್ಲಿ 2013ರ ಡ್ಯೂಯಲ್‌ಶಾಕ್ 4ರಿಂದಲೂ ಟಚ್‌ಪ್ಯಾಡ್ ಇದೆ, ಎಕ್ಸ್‌ಬಾಕ್ಸಲ್ಲಿಲ್ಲ. ಸ್ವಿಚ್ ಕೈಯಲ್ಲಿದ್ರೆ ಪರದೆ ಮುಟ್ಬಹುದು, ಟಿವಿಗೆ ಜೋಡಿಸೋ ಡಾಕ್‌ಗೆ ಹಾಕಿದ್ರೆ ಅದೂ ಇಲ್ಲ. ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಇಲ್ಲ ಅನ್ನೋಕೆ ಮನಸ್ಸಾಗ್ಲಿಲ್ಲ. ಬಟನ್ ಒತ್ತಿದ್ರೆ ಸವರೋದು ಅಂತ ಮಾಡಿ ನೋಡಿದ್ವಿ, ಅದು ಕಾಲಿಂಗ್ ಬೆಲ್ ಒತ್ತಿದಂಗಿತ್ತು, ಅವತ್ತೇ ತೆಗೆದೆ. ಈಗಿರೋದು ಬಲಗಡೆ ಸ್ಟಿಕ್. ನಿಧಾನಕ್ಕೆ ತಿರುಗಿಸ್ಬೇಕು, ಜೋರಾಗಿ ತಿರುಗಿಸಿದ್ರೆ ಕಿವಿ ಹಿಂದಕ್ಕೆ ಮಡಚ್ಕೋತಾಳೆ, ಮೆಲ್ಲಗೆ ಮಾಡಿದ್ರೆ ಕಂಟ್ರೋಲರ್ ಅಂಗೈಯಲ್ಲಿ ಸಣ್ಣಗೆ ನಡುಗೋಕೆ ಶುರುವಾಗುತ್ತೆ, ಗುರ್ರ್ ಸದ್ದಿನ ಏರಿಳಿತಕ್ಕೆ ಸರಿಯಾಗಿ. ಫೋನಲ್ಲಿ ಚುಕ್ಕಿ ಗಾಜಿನ ಹಿಂದೆ ಇದ್ಲು, ಇಲ್ಲಿ ಅವಳ ಉಸಿರು ಕೈಗೆ ತಾಗುತ್ತೆ. ಇದನ್ನ ಕಂಡ್ಕೊಂಡ ರಾತ್ರಿ ನನಗೆ ನಿದ್ದೆ ಬರ್ಲಿಲ್ಲ.

ಅಕ್ಕನ ಮಗಳು ಮತ್ತೆ ಬಂದಾಗ ಏನೂ ಹೇಳಿಕೊಡದೆ ಕಂಟ್ರೋಲರ್ ಕೊಟ್ಟೆ. ಮೊದಲು ಜೋರಾಗಿ ತಿರುಗಿಸಿದ್ಲು, ಕಿವಿ ಮಡಚಿದ್ದು ನೋಡಿ ನಿಲ್ಸಿದ್ಲು, ಆಮೇಲೆ ತಾನಾಗೇ ನಿಧಾನ ಮಾಡಿದ್ಲು. ಕಂಟ್ರೋಲರ್‌ನ ಎತ್ತಿ ಕೆನ್ನೆಗೆ ಒತ್ಕೊಂಡು ಹಂಗೇ ಕೂತಿದ್ಲು.

ಈಗ ಬಾಕಿ ಇರೋದು ವೈಬ್ರೇಷನ್ ಆಫ್ ಮಾಡಿ ಆಡೋರ ವಿಷಯ. ಕೈ ನೋವಿಗೆ ಎಷ್ಟೋ ಜನ ಆಫ್ ಮಾಡಿರ್ತಾರೆ, ಅವರಿಗೂ ಚುಕ್ಕಿ ಸಿಗ್ಬೇಕಲ್ಲ. ಗೆಳೆಯ ಎಲೆಗೆ ಹೊಸ ಅನಿಮೇಷನ್ ಮಾಡ್ತಿದಾನೆ, ಗುರ್ರ್ ಅಂದಾಗ ಅದು ಮೆಲ್ಲಗೆ ಬಿಚ್ಕೊಂಡು ಹೊಳೆಯುತ್ತೆ. ನಾಲ್ಕು ಫ್ರೇಮ್ ಆಗಿದೆ, ನೋಡಿ.